ಓದಿಗಾಗಿ ಮಾಡುವ ಸಾಲ

ಕಳೆದ ವರ್ಷ ಮೃಗಶಿರ ಮಳೆ ಹಿಡಿದ ಒಂದು ಭಾನುವಾರ ನಮ್ಮ ಭೋರ್ ಮನೆಗೆ ಸಂಘದ ಸದಸ್ಯರೊಬ್ಬರು ಮಗನನ್ನು ಕರೆದುಕೊಂಡು ಬಂದರು. ಅಥಣಿಯ ಕಡೆಯವರು. ಇಲ್ಲಿಗೆ ಬಂದು ಇಪ್ಪತ್ತು ವರ್ಷವಾಯಿತು. ಹೊಲಿಗೆಯ ಅಂಗಡಿ ಇಟ್ಟಿದ್ದಾರೆ. ಹುಡುಗನಿಗೆ ಪುಣೆಯಲ್ಲಿ ಇಂಜಿನಿಯರಿಂಗ್ ಸೀಟು ದೊರೆತಿತ್ತು. ಸರಕಾರದ ರಿಯಾಯಿತಿ ಕಳೆದು, ವಸತಿ ಊಟ ಸೇರಿಸಿದರೆ ನಾಲ್ಕು ವರ್ಷಕ್ಕೆ 8 ಲಕ್ಷ ರೂಪಾಯಿ. ಅವರ ಕೈಯಲ್ಲಿದ್ದದ್ದು ಒಂದು ಲಕ್ಷ. ಬ್ಯಾಂಕಿನವರು ಕೊಟ್ಟ ಇಂಗ್ಲಿಷ್ ಕಾಗದಗಳ ಕಟ್ಟನ್ನು ನಮ್ಮ ಮುಂದಿಟ್ಟು, “ಮಾಸ್ತರ, ಇದರಾಗ ಏನ್ ಬರದೈತಿ ಅಂತ ಒಂದೀಟು ಓದಿ ಹೇಳ್ರಿ. ಇಲ್ಲಂದ್ರ ಊರಾಗಿನ ಎರಡೆಕರೆ ಹೊಲಾ ಮಾರತೀನಿ” ಎಂದರು.

ಹುಡುಗ ಕೇಳಿದ್ದು ಒಂದೇ ಪ್ರಶ್ನೆ: “ಅಜ್ಜಾರ, ನೌಕರಿ ಸಿಗಲಿಲ್ಲಂದ್ರ ಏನ್ ಮಾಡೂದ್ರಿ?”

ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದ ನಾವು ಎಲ್ಲೆಲ್ಲಿಗೋ ಹೋದೆವು. ಕಂಡದ್ದರಲ್ಲಿ ಕೆಲವನ್ನು ವಾಚಕರ ಮುಂದಿಡುತ್ತೇವೆ. ಮನೆಯಲ್ಲಿ ಹನ್ನೆರಡನೆಯ ಇಯತ್ತೆಯ ಮಕ್ಕಳಿರುವವರಿಗೆ ಬೇಕಾದೀತು.

ನಮ್ಮ ಹಿರಿಯರಿಗೆ ಓದಿನ ಸಾಲವೆಂಬುದು ತಿಳಿಯದು. ನಮ್ಮ ತಂದೆಯವರು ಧಾರವಾಡದಲ್ಲಿ ವಾರಾನ್ನ ಉಂಡು ಓದಿದವರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಪುಣೆಯಲ್ಲಿ ಇದೇ ಬಗೆಯದು ಮಾಧುಕರಿ. ಉಂಡ ಅನ್ನಕ್ಕೆ ಯಾರೂ ಲೆಕ್ಕ ಬರೆದಿಡಲಿಲ್ಲ. ಆದರೆ ಉಂಡವನು ಮುಂದೆ ತನ್ನ ಮನೆಯಲ್ಲಿ ಒಬ್ಬ ಹುಡುಗನಿಗೆ ಒಂದು ವಾರ ಕೊಡದಿದ್ದರೆ ಊರು ಆಡಿಕೊಳ್ಳುತ್ತಿತ್ತು. ಸಂಸ್ಥಾನಗಳ ಧರ್ಮವೂ ಹೆಚ್ಚುಕಡಿಮೆ ಹೀಗೆಯೇ. ನಮ್ಮ ಭೋರ್ ಕೂಡ 1948ರವರೆಗೆ ಪಂತ ಸಚಿವರ ಸಂಸ್ಥಾನವಾಗಿದ್ದ ಊರು. ಮೈಸೂರಿನ ದೊರೆತನದ ನೆರವಿನಿಂದ ಪುಣೆಯ ವಿಜ್ಞಾನ ಕಾಲೇಜಿಗೆ ಬಂದ ಮುದ್ದೇನಹಳ್ಳಿಯ ಬಡ ಹುಡುಗನೊಬ್ಬ 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗನಾಗಿ, ಮರುವರ್ಷ ಮುಂಬಯಿ ಸರಕಾರದ ನೌಕರಿಗೆ ಸೇರಿದ. ಹಣ ಮೈಸೂರಿನದು, ದುಡಿಮೆ ಮುಂಬಯಿಗೆ! ಪುಣೆ ಸೀಮೆಯ ಕಾಲುವೆಗಳಿಗೆ ಬ್ಲಾಕ್ ಪದ್ಧತಿಯನ್ನೂ ಖಡಕ್‌ವಾಸಲಾ ಅಣೆಕಟ್ಟಿಗೆ ತಾನಾಗಿ ತೆರೆಯುವ ಬಾಗಿಲುಗಳನ್ನೂ ಕೊಟ್ಟವರು ಅವರೇ, ಸರ್ ಎಂ. ವಿಶ್ವೇಶ್ವರಯ್ಯನವರು. ಮೈಸೂರಿಗೆ ಅವರು ಮುಖ್ಯ ಇಂಜಿನಿಯರಾಗಿ ಮರಳಿದ್ದು 1909ರಲ್ಲಿ. ಇಪ್ಪತ್ತೈದು ವರ್ಷ ತಡವಾದರೂ ಮೈಸೂರಿಗೆ ಬಡ್ಡಿ ಚೆನ್ನಾಗಿಯೇ ಸಂದಿತೆನ್ನಬೇಕು.

ದಾನವನ್ನು ಬಿಟ್ಟು ಸಾಲದ ದಾರಿಯನ್ನು ನಮ್ಮ ದೇಶದಲ್ಲಿ ಮೊದಮೊದಲು ತೋರಿದವರಲ್ಲಿ ಜಮ್‌ಶೇಟ್‌ಜಿ ಟಾಟಾ ಒಬ್ಬರು. 1892ರಲ್ಲಿ ಅವರು ಹೂಡಿದ ನಿಧಿಯಿಂದ ವಿದೇಶದಲ್ಲಿ ಓದುವವರಿಗೆ ಸಾಲವಾಗಿ ಹಣ ಸಿಗುತ್ತಿತ್ತು. ಅವರು ಹಿಂದಿರುಗಿಸಿದ ಹಣ ಮುಂದಿನವರಿಗೆ. ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣನವರು ಲಂಡನ್ನಿಗೆ ಓದಲು ಹೋದದ್ದು ಟಾಟಾ ವಿದ್ಯಾರ್ಥಿಯಾಗಿಯೇ. ಆದರೆ ಇಂಥ ನಿಧಿ ಆರಿಸಿದ ಕೆಲವರಿಗೆ ಮಾತ್ರ. ದೇಶಕ್ಕೆ ದೇಶವೇ ಓದಿನ ಸಾಲಕ್ಕೆಂದು ಸಂಸ್ಥೆ ಕಟ್ಟಿದ ಖ್ಯಾತಿ ದಕ್ಷಿಣ ಅಮೆರಿಕದ ಕೊಲಂಬಿಯಾದ್ದು. ಇಸೆಟೆಕ್ಸ್ ಎಂಬ ಅದರ ಸಂಸ್ಥೆ 1950ರಲ್ಲಿ ಹುಟ್ಟಿತು.

ಅಮೆರಿಕ ಎಚ್ಚತ್ತದ್ದು ರಷ್ಯದ ಸ್ಪುಟ್ನಿಕ್ಕಿನ ಸದ್ದಿಗೆ. 1957ರ ಅಕ್ಟೋಬರಿನಲ್ಲಿ ಅದು ಆಕಾಶಕ್ಕೇರಿತು. 1958ರಲ್ಲಿ ಅಮೆರಿಕ ಕಾನೂನು ಮಾಡಿ ಶೇಕಡಾ 3ರ ಬಡ್ಡಿಗೆ ವಿದ್ಯಾರ್ಥಿಗಳಿಗೆ ಸಾಲ ಕೊಡಿಸಿತು. ಶಾಲಾಮಾಸ್ತರಾದವನಿಗೆ ವರ್ಷಕ್ಕೆ ಹತ್ತರಲ್ಲೊಂದು ಪಾಲಿನಂತೆ ಅರ್ಧದವರೆಗೆ ಸಾಲ ಮಾಫಿ. (ಇದನ್ನೋದಿ ಮಾಸ್ತರಾದ ನಮಗೆ ಸಂತೋಷವಾಯಿತೆಂದು ಬೇರೆ ಹೇಳಬೇಕಿಲ್ಲ.) 1965ರಿಂದ ಖಾಸಗಿ ಬ್ಯಾಂಕುಗಳ ಸಾಲಕ್ಕೆ ಸರಕಾರ ಜಾಮೀನು ನಿಂತಿತು. ಸಾಲ ಸುಲಭವಾಯಿತು, ಕಾಲೇಜಿನ ಶುಲ್ಕ ಏರುತ್ತ ಹೋಯಿತು. 1998ರ ನಂತರವಂತೂ ದಿವಾಳಿಯೆದ್ದರೂ ಸರಕಾರದ ಓದಿನ ಸಾಲ ಬಹುಮಟ್ಟಿಗೆ ಬೆನ್ನು ಬಿಡದು. ಈಗ ಅಲ್ಲಿ ಒಟ್ಟು ಬಾಕಿ 1.6 ಲಕ್ಷ ಕೋಟಿ ಡಾಲರಿಗೂ ಮಿಕ್ಕಿದೆ. ದೊಡ್ಡ ಮೊತ್ತವನ್ನು ಮಾಫಿ ಮಾಡಹೊರಟ ಅಧ್ಯಕ್ಷ ಬೈಡನ್ನರ ಯೋಜನೆಯನ್ನು 2023ರ ಜೂನಿನಲ್ಲಿ ಸುಪ್ರೀಂ ಕೋರ್ಟು ತಳ್ಳಿಹಾಕಿತು.

ಅದೇ ದೇಶದ ಯೇಲ್ ವಿಶ್ವವಿದ್ಯಾಲಯದಲ್ಲಿ 1971ರಲ್ಲಿ ನಡೆದ ಪ್ರಯೋಗವೊಂದು ನಮಗೆ ಬಹಳ ಹಿಡಿಸಿತು. ಒಂದು ವರ್ಷದ ಸಾಲಗಾರರೆಲ್ಲ ಒಂದು ಅವಿಭಕ್ತ ಕುಟುಂಬವಿದ್ದಂತೆ. ಪಡೆದ ಪ್ರತಿ ಸಾವಿರ ಡಾಲರಿಗೆ ತನ್ನ ವರಮಾನದಲ್ಲಿ ಶೇಕಡಾ 0.4ನ್ನು ಒಬ್ಬೊಬ್ಬನೂ ಕೊಡುತ್ತಿರಬೇಕು. ಇಡೀ ಗುಂಪಿನ ಸಾಲ ತೀರುವವರೆಗೆ, ಇಲ್ಲವೆ 35 ವರ್ಷ ತುಂಬುವವರೆಗೆ ಬಿಡುಗಡೆಯಿಲ್ಲ. ವಕೀಲನ ಗಳಿಕೆ ಬಡ ಪಾದ್ರಿಯ ಸಾಲಕ್ಕೆ ಆಸರೆಯಾಗುತ್ತದೆ. ಕೇಳಲು ಎಷ್ಟು ಚೆಂದ! ಆದದ್ದೇನು? ಹೆಚ್ಚು ಗಳಿಸಿದವರು ದೊಡ್ಡ ಮೊತ್ತ ಕೊಟ್ಟು ಹೊರಬೀಳಬಹುದಿತ್ತು, ಕೆಲವರು ಕೊಡದೆಯೇ ತಪ್ಪಿಸಿಕೊಂಡರು. ಕ್ರಮವಾಗಿ ಕಟ್ಟುತ್ತಿದ್ದ ನಡುಮಧ್ಯದವರ ಹೆಗಲಿಗೆ ಎಲ್ಲರ ಭಾರವೂ ಬಿತ್ತು. 1978ಕ್ಕೆ ಹೊಸಬರನ್ನು ಸೇರಿಸುವುದು ನಿಂತಿತು; ಕೊನೆಗೆ ವಿಶ್ವವಿದ್ಯಾಲಯವೇ ಉಳಿದ ಬಾಕಿಯನ್ನು ಬಿಟ್ಟುಕೊಟ್ಟಿತು. ಅವಿಭಕ್ತ ಕುಟುಂಬ ಒಡೆಯುವ ಬಗೆಯನ್ನು ಬಲ್ಲ ನಮ್ಮವರಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ.

ಹುಡುಗನ ಪ್ರಶ್ನೆಗೆ ನೇರವಾದ ಉತ್ತರ ಸಿಕ್ಕಿದ್ದು ಆಸ್ಟ್ರೇಲಿಯದಲ್ಲಿ. ಅಲ್ಲಿ 1974ರಿಂದ ವಿಶ್ವವಿದ್ಯಾಲಯದ ಓದು ಪುಕ್ಕಟೆಯಾಗಿತ್ತು. 1989ರಲ್ಲಿ ವರ್ಷಕ್ಕೆ 1,800 ಡಾಲರ್ ಶುಲ್ಕ ಹಾಕಿದರು. ಆದರೆ ಕೂಡಲೇ ಕೊಡಬೇಕಾಗಿಲ್ಲ. ಓದು ಮುಗಿದು, ಗಳಿಕೆ ಒಂದು ಮಿತಿಯನ್ನು ದಾಟಿದ ಮೇಲೆ ವರಮಾನ ತೆರಿಗೆಯ ಜೊತೆಗೇ ಕಂತು ಕಡಿತವಾಗುತ್ತದೆ. ಗಳಿಕೆ ಇಲ್ಲವೇ, ಕಂತೂ ಇಲ್ಲ. ತಂದೆಯ ಸಹಿ ಬೇಡ, ಹೊಲದ ಅಡಮಾನ ಬೇಡ. ಅರ್ಥಶಾಸ್ತ್ರಜ್ಞ ಬ್ರೂಸ್ ಚಾಪ್‌ಮನ್ ರೂಪಿಸಿದ ಈ ಏರ್ಪಾಡನ್ನು ಬೇರೆ ದೇಶಗಳವರೂ ಬಂದು ನೋಡಿಹೋದರು. ಬಡ್ಡಿಯಿಲ್ಲವಾದರೂ ಬೆಲೆಯೇರಿಕೆಗೆ ತಕ್ಕಂತೆ ಬಾಕಿ ಬೆಳೆಯುತ್ತದೆ. 2023ರಲ್ಲಿ ಅದು ಒಮ್ಮೆಲೇ ಶೇಕಡಾ 7.1 ಏರಿ ಗುಲ್ಲೆದ್ದಾಗ, ಮರುವರ್ಷ ಕಾನೂನು ಮಾಡಿ ಆ ಏರಿಕೆಯನ್ನು ಇಳಿಸಬೇಕಾಯಿತು. ಇಂಗ್ಲೆಂಡಿನಲ್ಲಿಯೂ ಮಿತಿ ದಾಟಿದ ಗಳಿಕೆಯಲ್ಲಿ ಶೇಕಡಾ 9 ಹಿಡಿಯುತ್ತಾರೆ. ಆದರೆ ಅಲ್ಲಿ 1998ರಲ್ಲಿ 1,000 ಪೌಂಡ್ ಇದ್ದ ವಾರ್ಷಿಕ ಶುಲ್ಕ 2012ಕ್ಕೆ 9,000ದವರೆಗೆ ಏರಿತು. ಜರ್ಮನಿಯಲ್ಲಿ ಅರ್ಧ ಸಹಾಯಧನ, ಅರ್ಧ ಬಡ್ಡಿಯಿಲ್ಲದ ಸಾಲ.

ಇನ್ನು ನಮ್ಮ ದೇಶ. 1963ರಲ್ಲಿಯೇ ಕೇಂದ್ರ ಸರಕಾರ ಬಡ್ಡಿಯಿಲ್ಲದ ಸಾಲ ವಿದ್ಯಾರ್ಥಿವೇತನವನ್ನು ಆರಂಭಿಸಿತು. ವಸೂಲಿ ತೀರ ಸೊರಗಿ ಮುಂದೆ ಅದು ನಿಂತುಹೋಯಿತು. 2001ರಲ್ಲಿ ಬ್ಯಾಂಕುಗಳ ಸಂಘ ಮಾದರಿ ಯೋಜನೆಯೊಂದನ್ನು ರೂಪಿಸಿತು. ಈಗ ನಡೆಯುತ್ತಿರುವುದು ಅದರದೇ ತಿದ್ದಿದ ರೂಪ. 2009ರಲ್ಲಿ ಬಡವರಿಗಾಗಿ ಬಡ್ಡಿಯ ಸಹಾಯಧನ ಬಂತು. ಅದರ ಹಣ ಹಂಚುವ ಹೊಣೆ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕಿನದು. ಕರ್ನಾಟಕದಲ್ಲಿ ಹಿಂದುಳಿದ ವರ್ಗದವರಿಗೆ ಶೇಕಡಾ 2ರ ಬಡ್ಡಿಯ ‘ಅರಿವು’ ಸಾಲವುಂಟು. ಅದು ಅಲ್ಲಿಯ ನಿವಾಸಿಗಳಿಗೆ. ಗಡಿಯೀಚೆಯ ನಮ್ಮಂಥವರು ಅದನ್ನು ನೋಡಿ ಸಂತೋಷಪಡಬಹುದು, ಅಷ್ಟೆ. 2024ರ ನವೆಂಬರಿನಲ್ಲಿ ಕೇಂದ್ರ ಒಪ್ಪಿದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಅಡಮಾನವೂ ಬೇಡ, ಜಾಮೀನೂ ಬೇಡ; ಆದರೆ ಅದು ಆಯ್ದ ಉತ್ತಮ ಸಂಸ್ಥೆಗಳಿಗೆ ಮಾತ್ರ. ನಮ್ಮ ಹುಡುಗನ ಕಾಲೇಜು ಆ ಪಟ್ಟಿಯಲ್ಲಿರಲಿಲ್ಲ.

ಆದುದರಿಂದ ಮಾದರಿ ಯೋಜನೆಯ ಕಾಗದವನ್ನೇ ಹಿಡಿದು ಲೆಕ್ಕಕ್ಕೆ ಕುಳಿತೆವು. ಏಳೂವರೆ ಲಕ್ಷದೊಳಗಿನ ಸಾಲಕ್ಕೆ 2015ರಿಂದ ಸರಕಾರದ ಜಾಮೀನು ನಿಧಿಯಿದೆ, ಹೊಲ ಬರೆದುಕೊಡಬೇಕಿಲ್ಲ. ಆದರೆ ತಂದೆ ಸಹ-ಸಾಲಗಾರನಾಗಿ ಸಹಿ ಹಾಕಲೇಬೇಕು. ಓದಿನ ಕಾಲ ಮತ್ತು ಮೇಲೊಂದು ವರ್ಷ ಕಂತಿಲ್ಲ. ಕಂತಿಲ್ಲವೆಂದರೆ ಬಡ್ಡಿಯಿಲ್ಲವೆಂದಲ್ಲ, ಬಹಳ ಜನ ಎಡವುವುದು ಇಲ್ಲಿಯೇ. ವರ್ಷಕ್ಕೆ 1,75,000ದಂತೆ ಏಳು ಲಕ್ಷ ಪಡೆದರೆ, ಶೇಕಡಾ 10ರ ಸರಳ ಬಡ್ಡಿಯಂತೆ ಐದು ವರ್ಷದ ಕೊನೆಗೆ ಬಡ್ಡಿಯೇ 2,45,000 ಆಗುತ್ತದೆ. ಆಮೇಲೆ ಹದಿನೈದು ವರ್ಷ ತಿಂಗಳಿಗೆ ಹತ್ತು ಸಾವಿರಕ್ಕೂ ಮೇಲ್ಪಟ್ಟ ಕಂತು. ಕುಟುಂಬದ ವರಮಾನ ವರ್ಷಕ್ಕೆ ನಾಲ್ಕೂವರೆ ಲಕ್ಷದೊಳಗಿದ್ದು, ಕಾಲೇಜು ಮಾನ್ಯತೆ ಪಡೆದದ್ದಾಗಿದ್ದರೆ ಆ ಐದು ವರ್ಷದ ಬಡ್ಡಿಯನ್ನು ಸರಕಾರ ತುಂಬುತ್ತದೆ. ಆಗ ಕಂತು ಏಳೂವರೆ ಸಾವಿರ. ತಹಸೀಲ್ದಾರರ ಒಂದು ವರಮಾನದ ದಾಖಲೆಯಿಂದ ಇಷ್ಟು ವ್ಯತ್ಯಾಸ! ಬ್ಯಾಂಕಿನಲ್ಲಿ ಇದನ್ನು ಅವರಿಗೆ ಯಾರೂ ಹೇಳಿರಲಿಲ್ಲ.

“ನೌಕರಿ ಸಿಗಲಿಲ್ಲಂದ್ರ?” ಹುಡುಗ ಮತ್ತೆ ಕೇಳಿದ.

ಆಸ್ಟ್ರೇಲಿಯದ ಉತ್ತರ ನಮ್ಮಲ್ಲಿಲ್ಲ. ಕಂತು ನಡೆಯುವುದು ತಾರೀಖು ನೋಡಿ, ಗಳಿಕೆ ನೋಡಿ ಅಲ್ಲ. ಆದರೆ ನಿರುದ್ಯೋಗದ ಕಾಲದಲ್ಲಿ ಎರಡು ಮೂರು ಸಲ ಕಂತಿಗೆ ಬಿಡುವು ಕೊಡಬಹುದೆಂಬ ಮಾತು ಆ ಕಾಗದಗಳಲ್ಲಿಯೇ ಇದೆ. ಕೇಳಿದವರಿಗೆ ಸಿಗುತ್ತದೆ, ಕೇಳದೆ ಕಂತು ತಪ್ಪಿಸಿದವನ ಹೆಸರು, ಜೊತೆಗೆ ತಂದೆಯ ಹೆಸರು, ಬಾಕಿದಾರರ ಪಟ್ಟಿ ಸೇರುತ್ತದೆ. ಇಷ್ಟನ್ನು ಬಿಡಿಸಿ ಹೇಳಿದೆವು. ಒಳಗಿನಿಂದ ಚಹಾ ತಂದ ನಮ್ಮ ಮನೆಯವರು, “ಏಳು ಲಕ್ಷ ಪೂರಾ ಯಾಕ? ಹಾಸ್ಟೆಲ್ ಬಿಟ್ಟು ಇಲ್ಲಿಂದ ಎಸ್.ಟಿ.ಯಾಗ ಹೋಗಿಬರೂದಾದ್ರ ಎಷ್ಟಾಗತೈತಿ?” ಎಂದು ಕೇಳಿದರು. ನಾವು ಮೂವರು ಗಂಡಸರು ಅದನ್ನು ಯೋಚಿಸಿಯೇ ಇರಲಿಲ್ಲ. ದಿನಕ್ಕೆ ನೂರು ಕಿಲೋಮೀಟರು; ಹುಡುಗ ಮೊದಲ ಎರಡು ವರ್ಷಕ್ಕೆ ಒಪ್ಪಿದ. ಸಾಲ ಐದೂವರೆ ಲಕ್ಷಕ್ಕಿಳಿಯಿತು.

ವರಮಾನದ ದಾಖಲೆ ಬರಲು ಮೂರು ವಾರ ಹಿಡಿಯಿತು. ಆಗಸ್ಟಿನಲ್ಲಿ ಮೊದಲ ಕಂತಿನ ಹಣ ಕಾಲೇಜಿಗೆ ಸಂದಾಯವಾಯಿತು. ಹುಡುಗ ಬೆಳಗಿನ ಮೊದಲ ಎಸ್.ಟಿ. ಹಿಡಿಯುತ್ತಾನೆ. ಅಥಣಿಯ ಹೊಲದಲ್ಲಿ ಆ ಹಿಂಗಾರಿಗೆ ಬಿಳಿಜೋಳ ಬಿತ್ತಿದರಂತೆ. ಸಂಕ್ರಾಂತಿಯ ನಂತರ ನಮ್ಮ ಮನೆಗೂ ಒಂದು ಚೀಲ ಸೀತನಿ ಬಂತು.