ತೊಗರಿ ಬೇರಿನ ಕೆಂಪು ಗಂಟುಗಳು

ಬಿತ್ತಿ ಐದಾರು ವಾರವಾದ ತೊಗರಿ ಗಿಡವನ್ನು ಮಣ್ಣಿನ ಹೆಂಟೆಯ ಸಮೇತ ಅಗೆದು ನೀರಿನಲ್ಲಿ ಮೆಲ್ಲಗೆ ತೊಳೆದರೆ ಬೇರಿನ ಮೇಲೆ ಸಣ್ಣ ಸಣ್ಣ ಗಂಟುಗಳು ಕಾಣುತ್ತವೆ. ಇವು ರೋಗದ ಗುರುತಲ್ಲ. ಜಂತುಹುಳು ಬಾಧೆಯಿಂದಾದ ಗಂಟಿನಲ್ಲಿ ಬೇರೇ ಊದಿಕೊಂಡಿರುತ್ತದೆ, ಬಿಡಿಸಲು ಬರುವುದಿಲ್ಲ. ತೊಗರಿಯ ಈ ಗಂಟುಗಳು ಬೇರಿನ ಪಕ್ಕಕ್ಕೆ ಅಂಟಿಕೊಂಡಿದ್ದು, ಉಗುರಿನಿಂದ ಎಬ್ಬಿಸಿದರೆ ಕಳಚಿ ಬರುತ್ತವೆ. ಒಂದನ್ನು ಸೀಳಿದಾಗ ಒಳಗೆ ಕೆಂಪು ಬಣ್ಣವಿದ್ದರೆ ಗಿಡಕ್ಕೆ ಗಾಳಿಯಿಂದಲೇ ಗೊಬ್ಬರ ಸಿಗುತ್ತಿದೆ ಎಂದು ತಿಳಿಯಬಹುದು.

ಗಾಳಿಯಲ್ಲಿ ಶೇ 78ರಷ್ಟು ಸಾರಜನಕವಿದೆ. ಆದರೆ ಅದರ ಎರಡೆರಡು ಪರಮಾಣುಗಳು ಮೂರು ಬಂಧಗಳಿಂದ ಬಿಗಿದುಕೊಂಡಿರುವುದರಿಂದ ಯಾವ ಗಿಡವೂ ಅದನ್ನು ನೇರವಾಗಿ ಬಳಸಲಾರದು. ಗೊಬ್ಬರದ ಕಾರ್ಖಾನೆಯಲ್ಲಿ ಈ ಬಂಧ ಮುರಿಯಲು 400 ಡಿಗ್ರಿಗೂ ಹೆಚ್ಚಿನ ಶಾಖ, ವಾತಾವರಣದ ನೂರಾರು ಪಟ್ಟು ಒತ್ತಡ ಬೇಕು. ಬೇರುಗಂಟಿನ ಬ್ಯಾಕ್ಟೀರಿಯಾ ಅದೇ ಕೆಲಸವನ್ನು ಹೊಲದ ಮಣ್ಣಿನ ಶಾಖದಲ್ಲಿ, ನೈಟ್ರೋಜಿನೇಸ್ ಎಂಬ ಕಿಣ್ವದಿಂದ ಮಾಡುತ್ತದೆ. ಬೇರುಗಂಟಿಗೂ ಸಾರಜನಕಕ್ಕೂ ಇರುವ ನಂಟನ್ನು ಜರ್ಮನಿಯ ಹೆಲ್‌ರೀಗೆಲ್ 1886ರಲ್ಲಿ ತೋರಿಸಿಕೊಟ್ಟರು. 1888ರಲ್ಲಿ ಡಚ್ ವಿಜ್ಞಾನಿ ಬೈಯರಿಂಕ್ ಆ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಬೆಳೆಸಿದರು.

ಗಿಡ ಮತ್ತು ಬ್ಯಾಕ್ಟೀರಿಯಾದ ಈ ನಂಟಿನಲ್ಲಿ ಮೊದಲ ಕರೆ ಗಿಡದ್ದು. ಬೇರು ಫ್ಲೇವನಾಯ್ಡ್ ಎಂಬ ವಸ್ತುಗಳನ್ನು ಮಣ್ಣಿಗೆ ಬಿಡುತ್ತದೆ. ಅವನ್ನು ಗುರುತಿಸಿದ ಬ್ಯಾಕ್ಟೀರಿಯಾ ತನ್ನದೇ ರಾಸಾಯನಿಕ ಸಂಕೇತದಿಂದ ಉತ್ತರ ಕೊಡುತ್ತದೆ. ಆಗ ಬೇರುರೋಮ ಸುರುಳಿಯಾಗಿ ಬ್ಯಾಕ್ಟೀರಿಯಾವನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಬೇರಿನ ಜೀವಕೋಶಗಳು ವಿಭಜನೆಗೊಂಡು ಗಂಟು ಮೂಡುತ್ತದೆ. ಶೇಂಗಾದಲ್ಲಾದರೋ ಪಕ್ಕದ ಬೇರು ಹೊರಡುವ ಕಡೆಯ ಬಿರುಕೇ ಬಾಗಿಲು. ಸಂಕೇತ ಹೊಂದದಿದ್ದರೆ ನಂಟೂ ಇಲ್ಲ. ಕಡಲೆಗೆ ಒಗ್ಗುವ ಬ್ಯಾಕ್ಟೀರಿಯಾ ಸೋಯಾಬೀನ್‌ಗೆ ಒಗ್ಗದಿರುವುದು ಇದರಿಂದಲೇ.

ಗಂಟಿನೊಳಗೆ ಒಂದು ಇಕ್ಕಟ್ಟಿದೆ. ಆಮ್ಲಜನಕ ತಗುಲಿದರೆ ನೈಟ್ರೋಜಿನೇಸ್ ಕೆಡುತ್ತದೆ, ಆಮ್ಲಜನಕ ಇಲ್ಲದಿದ್ದರೆ ಬ್ಯಾಕ್ಟೀರಿಯಾ ಉಸಿರಾಡಲಾರದು. ಗಿಡ ಇದಕ್ಕೆ ಕಂಡುಕೊಂಡ ದಾರಿ ಬೆರಗುಗೊಳಿಸುವಂಥದು. ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಬಂಧುವಾದ ಲೆಗ್‌ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿದಿಟ್ಟು, ಬೇಕಾದಷ್ಟನ್ನೇ ತಲುಪಿಸುತ್ತದೆ. ಗಂಟಿನ ಕೆಂಪು ಅದರದೇ. ಗಂಟು ಮುದಿಯಾದಾಗ ಬಣ್ಣ ಹಸಿರಿಗೆ ತಿರುಗುತ್ತದೆ.

ಇದೆಲ್ಲಕ್ಕೂ ಗಿಡ ತೆರುವ ಬೆಲೆ ಸಕ್ಕರೆ. ಸಾರಜನಕದ ಒಂದು ಅಣುವಿಗೆ ಶಕ್ತಿವಾಹಕ ಎಟಿಪಿಯ 16 ಅಣುಗಳು ಖರ್ಚಾಗುತ್ತವೆ. ಹಾಗಾಗಿ ಗಿಡ ಲೆಕ್ಕ ತಪ್ಪುವುದಿಲ್ಲ. ಸೋಯಾಬೀನ್ ಗಿಡವು ಸಾರಜನಕ ಕೊಡದ ಗಂಟುಗಳಿಗೆ ಆಮ್ಲಜನಕದ ಪೂರೈಕೆಯನ್ನೇ ತಗ್ಗಿಸುತ್ತದೆ. ಮಣ್ಣಿನಲ್ಲಿ ಯೂರಿಯಾ ಧಾರಾಳವಾಗಿದ್ದರೆ ಗಂಟು ಕಟ್ಟುವ ಗೋಜಿಗೇ ಹೆಚ್ಚು ಹೋಗುವುದಿಲ್ಲ. ಬೇಳೆಕಾಳಿನ ಬೆಳೆಗೆ ಮೇಲುಗೊಬ್ಬರವಾಗಿ ಯೂರಿಯಾ ಸುರಿಯುವುದು ಎರಡು ಬಗೆಯ ನಷ್ಟ.

ಒಗ್ಗುವ ಬ್ಯಾಕ್ಟೀರಿಯಾ ಇಲ್ಲದ ಹೊಲದಲ್ಲಿ ಬೀಜೋಪಚಾರ ಬೇಕಾಗುತ್ತದೆ. ತಣ್ಣಗಾದ ಬೆಲ್ಲದ ಪಾಕದಿಂದ ಬೀಜ ಒದ್ದೆ ಮಾಡಿ, ಆ ಬೆಳೆಗೆ ಒಗ್ಗುವ ಬೇರುಗಂಟಿನ ಬ್ಯಾಕ್ಟೀರಿಯಾದ (ರೈಜೋಬಿಯಂ) ಪುಡಿ ಲೇಪಿಸಿ, ನೆರಳಿನಲ್ಲಿ ಒಣಗಿಸಿ ಕೂಡಲೇ ಬಿತ್ತಬೇಕು. ಬಿಸಿಲು ತಾಗಿದರೆ ಬ್ಯಾಕ್ಟೀರಿಯಾ ಸಾಯುತ್ತದೆ.

ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿರುವ ತೊಗರಿ, ಅವರೆ ಪಕ್ಕದ ರಾಗಿಗೆ ಆಗಲೇ ಸಾರಜನಕ ಉಣಿಸುತ್ತವೆ ಎಂಬ ನಂಬಿಕೆ ಪೂರ್ತಿ ಸರಿಯಲ್ಲ. ಬದುಕಿರುವ ಬೇರಿನಿಂದ ಸೋರುವುದು ಸ್ವಲ್ಪವೇ. ಸಾರಜನಕದ ಬಹುಪಾಲು ಕಾಳಿನೊಂದಿಗೆ ಮನೆ ಸೇರುತ್ತದೆ. ಉದುರಿದ ಎಲೆ ಮತ್ತು ಮಣ್ಣಿನಲ್ಲೇ ಬಿಟ್ಟ ಬೇರು ಕೊಳೆತ ಮೇಲೆ, ಉಳಿದದ್ದು ಮುಂದಿನ ಬೆಳೆಗೆ ಸಿಗುತ್ತದೆ. ತೊಗರಿಯನ್ನು ಬುಡಸಮೇತ ಕೀಳದೆ ಕೊಯ್ಯಬೇಕೆನ್ನುವುದು ಇದಕ್ಕಾಗಿಯೇ.