ಮಡಚದ ಮೊಣಕಾಲು, ಹಿಡಿದ ನಡ: ಮನೆಯಲ್ಲೇ ಯೋಗ ಎಲ್ಲಿಂದ ಶುರು ಮಾಡಬೇಕು?

ನಿಪ್ಪಾಣಿ ಕಡೆಯಿಂದ ಬೀಡಿ ಕಟ್ಟುವ ಹೆಣ್ಣುಮಕ್ಕಳು ಚಿಕಿತ್ಸೆಗೆ ಬಂದರೆ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: "ನೆಲದ ಮೇಲೆ ಕೂತರೆ ಕೈ ಊರದೆ ಏಳ್ತೀರಾ?" ನಲವತ್ತು ದಾಟಿದವರಲ್ಲಿ ಹೆಚ್ಚಿನವರು ನಕ್ಕುಬಿಡುತ್ತಾರೆ. ಗೋಡೆ ಹಿಡಿಯಬೇಕು, ಇಲ್ಲವೇ ಮಗಳ ಹೆಗಲು ಬೇಕು. ಇನ್ನಷ್ಟು ಮಾತಾಡಿದ ಮೇಲೆ ಅಸಲು ಸಂಗತಿ ಹೊರಬರುತ್ತದೆ: "ಆಪಾ, ಹ್ವಾದ ವರ್ಷದಿಂದ ನಮಾಝ್ ಕುರ್ಚಿ ಮ್ಯಾಲೇ ಆಗೇತ್ರಿ." ನೋವಿನ ಬಗ್ಗೆ ಹೇಳುವಾಗ ಇಳಿಯದ ದನಿ ಈ ಮಾತಿಗೆ ಇಳಿಯುತ್ತದೆ.

ಕುರ್ಚಿಯ ಮೇಲೆ ನಮಾಝ್ ಮಾಡುವುದರಲ್ಲಿ ತಪ್ಪೇನೂ ಇಲ್ಲ. ಆಗದವರಿಗೆ ಧರ್ಮವೇ ಕೊಟ್ಟ ರಿಯಾಯಿತಿ ಅದು. ಆದರೆ ನಲವತ್ತೈದರ ವಯಸ್ಸಿಗೇ ಕುರ್ಚಿ ಎಳೆದುಕೊಳ್ಳುವವರು ಒಂದು ವಿಷಯ ತಿಳಿದುಕೊಳ್ಳಬೇಕು: ಮೊಣಕಾಲು ನಿಜಕ್ಕೂ ಸವೆದಿದೆಯೋ, ಅಥವಾ ಬಳಸದೆ ಬಿಗಿದುಕೊಂಡಿದೆಯೋ? ನಾನು ನೋಡುವವರಲ್ಲಿ ಎಷ್ಟೋ ಮಂದಿಗೆ ಬಿಗಿತದ್ದೇ ದೊಡ್ಡ ಪಾಲು. ಬಿಗಿತವನ್ನು ಸಡಿಲಿಸಬಹುದು. ಅದಕ್ಕೆ ದಿನಕ್ಕೆ ಹದಿನೈದು ನಿಮಿಷ, ಒಂದು ಗೋಡೆ, ಒಂದು ಕೌದಿ, ಒಂದು ಹಳೆಯ ದುಪಟ್ಟಾ ಸಾಕು.

"ದಿನಾ ಪೂರಾ ದುಡೀತೀವಿ, ನಮಗ್ಯಾಕ ವ್ಯಾಯಾಮ?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ನಮ್ಮ ಕಡೆಯ ದುಡಿಮೆ ಹೇಗಿದೆ ನೋಡಿ. ಬೀಡಿ ಕಟ್ಟುವವಳು ತೊಡೆಯ ಮೇಲೆ ಮೊರ ಇಟ್ಟುಕೊಂಡು, ಕತ್ತು ಬಗ್ಗಿಸಿ, ತಾಸುಗಟ್ಟಲೆ ಒಂದೇ ಭಂಗಿಯಲ್ಲಿ ಕೂರುತ್ತಾಳೆ. ಅಥಣಿಯಲ್ಲಿ ಚಪ್ಪಲಿ ಹೊಲಿಯುವವರದ್ದೂ ಅದೇ ಪಾಡು. ರಾಯಬಾಗ, ಕಾಗವಾಡದ ಕಬ್ಬಿನ ಹೊಲದಲ್ಲಿ ಬಗ್ಗಿದ ಬೆನ್ನು ಸಂಜೆಯವರೆಗೆ ನೆಟ್ಟಗಾಗುವುದಿಲ್ಲ. ಚಿಕ್ಕೋಡಿ ಪೇಟೆಯ ಟೇಲರ್, ಗಲ್ಲೆಯ ಮೇಲೆ ಕೂತ ಅಂಗಡಿಕಾರ, ಟ್ರಾಕ್ಟರ್ ಹೊಡೆಯುವ ಹುಡುಗ, ಇವರೆಲ್ಲ ದಣಿಯುತ್ತಾರೆ ನಿಜ. ಆದರೆ ಅವರ ಕೀಲುಗಳು ದಿನವಿಡೀ ಒಂದೇ ದಿಕ್ಕಿಗೆ, ಒಂದೇ ಅಳತೆಗೆ ಅಲುಗಾಡುತ್ತವೆ. ಕೀಲಿನೊಳಗಿನ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಸ್ಪಂಜನ್ನು ಹಿಂಡಿ ಬಿಟ್ಟ ಹಾಗೆ, ಭಾರ ಬಿದ್ದು ಬಿಟ್ಟಾಗಲೇ ಅದು ಸುತ್ತಲಿನ ದ್ರವವನ್ನು ಹೀರಿ ಪೋಷಣೆ ಪಡೆಯುತ್ತದೆ. ಕೀಲನ್ನು ಅದರ ಪೂರ್ತಿ ಅಳತೆಗೆ ಆಡಿಸದೇ ಇದ್ದರೆ ಸುತ್ತಲಿನ ಸ್ನಾಯುಗಳು ಅಷ್ಟಕ್ಕೇ ಒಗ್ಗಿ ಕುಗ್ಗುತ್ತವೆ.

ನಮ್ಮ ಯುನಾನಿ ವೈದ್ಯದಲ್ಲಿ ಆರೋಗ್ಯಕ್ಕೆ ಅತ್ಯಗತ್ಯವೆಂದು ಆರು ಸಂಗತಿಗಳನ್ನು ಎಣಿಸುತ್ತಾರೆ. ದೇಹದ ಚಲನೆ ಮತ್ತು ವಿಶ್ರಾಂತಿ ಅವುಗಳಲ್ಲಿ ಒಂದು. ಇಬ್ನ್ ಸೀನಾ ತಮ್ಮ 'ಅಲ್ ಖಾನೂನ್' ಗ್ರಂಥದಲ್ಲಿ ಆರೋಗ್ಯ ಕಾಪಾಡುವ ಮಾತು ಬಂದಾಗ ಮೊದಲು ಹೇಳುವುದು ರಿಯಾಝತ್, ಅಂದರೆ ವ್ಯಾಯಾಮ. ಆಮೇಲೆ ಆಹಾರ, ಆಮೇಲೆ ನಿದ್ರೆ. ಎಲ್ಲಿ ನಿಲ್ಲಿಸಬೇಕೆಂಬುದಕ್ಕೂ ಅವರು ಗುರುತು ಕೊಟ್ಟಿದ್ದಾರೆ: ಮೈಬಣ್ಣ ಕಳೆಗಟ್ಟುತ್ತಿರುವವರೆಗೆ, ಚಲನೆ ಹಗುರವಾಗಿರುವವರೆಗೆ ಮಾಡಬೇಕು, ಅದು ಇಳಿಯತೊಡಗಿದರೆ ಸಾಕು ಮಾಡಬೇಕು. ಸಾವಿರ ವರ್ಷದ ಹಿಂದಿನ ಈ ಅಳತೆಗೋಲು ನನಗೆ ಇವತ್ತಿನ ಮೊಬೈಲ್ ವಿಡಿಯೊಗಳಿಗಿಂತ ಹೆಚ್ಚು ನಂಬಿಕೆಯದ್ದೆನಿಸುತ್ತದೆ. ವಿಡಿಯೊದಲ್ಲಿ ಕಾಲು ತಲೆಯ ಹಿಂದೆ ಹೋಗುವುದನ್ನು ನೋಡಿ ಹೆದರಿದವರು, ಇಲ್ಲವೇ ಅದನ್ನೇ ಮಾಡಲು ಹೋಗಿ ನಡ ಹಿಡಿಸಿಕೊಂಡವರು, ಇಬ್ಬರನ್ನೂ ಕಂಡಿದ್ದೇನೆ.

ಯೋಗ ನಮಗೆ ಸಲ್ಲುವುದೇ ಎಂಬ ಸಂಕೋಚ ಕೆಲವು ಮನೆಗಳಲ್ಲಿದೆ. ಅದನ್ನು ತಳ್ಳಿಹಾಕಲಾರೆ. 2009ರಲ್ಲಿ ಇಂಡೋನೇಷ್ಯಾದ ಉಲೆಮಾ ಮಂಡಳಿ ಮಂತ್ರ, ಧಾರ್ಮಿಕ ವಿಧಿ ಇರುವ ಯೋಗ ಬೇಡವೆಂದಿತು, ಬರೀ ವ್ಯಾಯಾಮವಾಗಿ ಮಾಡುವುದಕ್ಕೆ ಅಡ್ಡಿಯಿಲ್ಲವೆಂದಿತು. ಸೌದಿ ಅರೇಬಿಯಾ 2017ರಲ್ಲಿ ಅದನ್ನು ಕ್ರೀಡಾ ಚಟುವಟಿಕೆಯಾಗಿ ಒಪ್ಪಿಕೊಂಡಿತು. ನಾನಿಲ್ಲಿ ಹೇಳುವುದರಲ್ಲಿ ಮಂತ್ರವಿಲ್ಲ, ಸೂರ್ಯ ನಮಸ್ಕಾರವಿಲ್ಲ. ಸ್ನಾಯು, ಕೀಲು, ಉಸಿರು ಇವಿಷ್ಟೇ ಇವೆ. ಇನ್ನೂ ಅನುಮಾನವಿದ್ದರೆ ನಿಮ್ಮ ಊರಿನ ಆಲಿಮರನ್ನು ಕೇಳಿ. "ನಮಾಝೇ ದೊಡ್ಡ ಯೋಗ, ಬೇರೆ ಯಾಕೆ?" ಎನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ನಮಾಝ್ ಇಬಾದತ್, ಅದನ್ನು ನಡ ಸಡಿಲಿಸುವ ಕಸರತ್ತಿನ ಲೆಕ್ಕಕ್ಕೆ ಇಳಿಸುವುದು ಸರಿ ಕಾಣುವುದಿಲ್ಲ. ಸುಜೂದ್‌ಗೆ ಮೊಣಕಾಲು ಸಜ್ಜಾಗಿರಲಿ ಎಂದು ಬೇರೆ ಹೊತ್ತಿನಲ್ಲಿ ವ್ಯಾಯಾಮ ಮಾಡುವುದು ಬೇರೆ ಮಾತು.

ಮೈ ಬಿಗಿ ಇದ್ದವರಿಗೆ ಯೋಗ ಆಗದು ಎನ್ನುವವರು ಬಿ.ಕೆ.ಎಸ್. ಅಯ್ಯಂಗಾರ್ ಅವರ ವಿಷಯ ಕೇಳಬೇಕು. 1918ರಲ್ಲಿ, ಇನ್‌ಫ್ಲುಯೆಂಜಾ ಹಾವಳಿಯ ಕಾಲದಲ್ಲಿ, ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಹುಟ್ಟಿದವರು. ಬಾಲ್ಯವೆಲ್ಲ ಮಲೇರಿಯಾ, ಟೈಫಾಯಿಡ್, ಕ್ಷಯದಲ್ಲಿ ಕಳೆಯಿತು. ಮೈಸೂರಿನಲ್ಲಿ ಭಾವ ಕೃಷ್ಣಮಾಚಾರ್ಯರ ಬಳಿ ಕಲಿಯಲು ಹೋದಾಗ ಮುಂದೆ ಬಗ್ಗಿದರೆ ಅವರ ಬೆರಳು ಮೊಣಕಾಲ ಮಟ್ಟಕ್ಕಷ್ಟೇ ತಲುಪುತ್ತಿತ್ತು. ಅವರನ್ನು 1937ರಲ್ಲಿ ಪುಣೆಗೆ ಕರೆಸಿಕೊಂಡವರು ಬೆಳಗಾವಿಯಲ್ಲಿ ಸಿವಿಲ್ ಸರ್ಜನ್ ಆಗಿದ್ದ ಡಾ. ವಿ.ಬಿ. ಗೋಖಲೆ. ಮುಂದೆ ಅಯ್ಯಂಗಾರ್ ಕುರ್ಚಿ, ಪಟ್ಟಿ, ಮರದ ಇಟ್ಟಿಗೆ, ಮಡಿಸಿದ ಕಂಬಳಿ ಇವನ್ನು ಆಸನಗಳಿಗೆ ಆಸರೆಯಾಗಿ ಬಳಸುವ ಪದ್ಧತಿ ಬೆಳೆಸಿದರು. ನೆಲಕ್ಕೆ ಕೈ ತಾಗದಿದ್ದರೆ ನೆಲವನ್ನೇ ಮೇಲಕ್ಕೆ ತರುವ ಉಪಾಯ ಅದು. ನಮಗೆ ಬೇಕಾದದ್ದೂ ಅದೇ. ಪಟ್ಟಿಯ ಬದಲು ದುಪಟ್ಟಾ, ಕಂಬಳಿಯ ಬದಲು ಕೌದಿ.

ಹೊತ್ತು ಯಾವುದು? ಫಜ್ರ್ ಆದ ಮೇಲೆ ಮನೆ ಶಾಂತವಾಗಿರುತ್ತದೆ, ಒಳ್ಳೆಯದೇ. ಆದರೆ ಬೆನ್ನುನೋವಿನವರು ಎದ್ದ ಮೊದಲ ಒಂದು ತಾಸು ಮುಂದಕ್ಕೆ ಬಗ್ಗುವ ಯಾವುದನ್ನೂ ಮಾಡಬಾರದು. ರಾತ್ರಿ ಮಲಗಿದಾಗ ಬೆನ್ನುಮೂಳೆಯ ನಡುವಿನ ಡಿಸ್ಕ್‌ಗಳು ನೀರು ಹೀರಿ ಉಬ್ಬಿರುತ್ತವೆ, ಆಗ ಬಗ್ಗಿದರೆ ಅವುಗಳ ಮೇಲೆ ಒತ್ತಡ ಹೆಚ್ಚು. ಅಂಥವರಿಗೆ ಅಸರ್ ನಂತರದ ಹೊತ್ತು ಲೇಸು, ಮೈಯೂ ಬೆಚ್ಚಗಾಗಿರುತ್ತದೆ. ಹೊಟ್ಟೆ ತುಂಬ ಉಂಡಿದ್ದರೆ ಮೂರು ತಾಸು ಬಿಡಿ. ಯುನಾನಿಯಲ್ಲಿ ವ್ಯಾಯಾಮಕ್ಕೆ ಮೊದಲು ದಲ್ಕ್, ಅಂದರೆ ಮಾಲೀಸು, ಹೇಳಿದೆ. ಬೆಚ್ಚಗಿನ ಎಳ್ಳೆಣ್ಣೆ ಹಚ್ಚಿ ಮೊಣಕಾಲ ಸುತ್ತ, ತೊಡೆಯ ಮೇಲೆ ಎರಡು ನಿಮಿಷ ಕೈಯಾಡಿಸಿ. ಅಂಗಾಲಿಗೆ ಹಚ್ಚಬೇಡಿ, ಜಾರುತ್ತದೆ. ಸಲ್ವಾರ್ ಕಮೀಝ್ ಸಾಕು, ಬೇರೆ ಉಡುಪು ಬೇಡ. ಬಾಗಿಲು ಹಾಕಿಕೊಳ್ಳಿ, ಗಚ್ಚಿನ ಮೇಲೆ ಜಮಖಾನೆ ಹಾಸಿ. ಪ್ಲಾಸ್ಟಿಕ್ ಚಾಪೆ ಬೇಡ.

ಮೊದಲ ವಾರ ನೆಲಕ್ಕೆ ಇಳಿಯುವುದೇ ಬೇಡ. ಗೋಡೆಗೆ ಒತ್ತಿಟ್ಟ ಕುರ್ಚಿಯ ಮೇಲೆ ನೆಟ್ಟಗೆ ಕೂತು ಪಾದವನ್ನು ಮೇಲೆ ಕೆಳಗೆ ಆಡಿಸಿ, ಹಿಮ್ಮಡಿ ಕೀಲನ್ನು ಸುತ್ತಿಸಿ. ಆಮೇಲೆ ಒಂದು ಕಾಲನ್ನು ಮುಂದೆ ನೀಡಿ, ತೊಡೆ ಬಿಗಿ ಮಾಡಿ, ಐದು ಎಣಿಸುವವರೆಗೆ ಹಿಡಿದು ಇಳಿಸಿ. ಒಂದೊಂದು ಕಾಲಿಗೆ ಹತ್ತು ಸಲ. ಮೊಣಕಾಲಿನ ಭಾರ ಹೊರುವುದು ತೊಡೆಯ ಈ ಸ್ನಾಯುವೇ. ನೋವಿಗೆ ಅಂಜಿ ಕೂತವರಲ್ಲಿ ಮೊದಲು ಸೊರಗುವುದೂ ಇದೇ. ಭುಜಗಳನ್ನು ಹಿಂದಕ್ಕೆ ಸುತ್ತಿಸಿ, ಕತ್ತನ್ನು ನಿಧಾನ ಎಡಕ್ಕೆ ಬಲಕ್ಕೆ ಹೊರಳಿಸಿ. ಕತ್ತನ್ನು ಪೂರ್ತಿ ಗುಂಡಗೆ ತಿರುಗಿಸಬೇಡಿ, ತಲೆಸುತ್ತು ಬರಬಹುದು. ಉಸಿರು ಹಿಡಿಯಬೇಡಿ, ಬಿಡುವ ಉಸಿರು ಎಳೆದದ್ದಕ್ಕಿಂತ ಸ್ವಲ್ಪ ಉದ್ದವಿರಲಿ.

ಎರಡನೆಯ ವಾರ ಮಲಗಿ ಮಾಡುವುದು. ನೆಲದಿಂದ ಏಳುವುದು ಕಷ್ಟವಾದರೆ ಗಟ್ಟಿ ಮಂಚದ ಮೇಲೆಯೇ ಆಗಲಿ. ಅಂಗಾತ ಮಲಗಿ ಎರಡೂ ಮೊಣಕಾಲು ಮಡಚಿ ಪಾದ ಊರಿ. ಒಂದು ತೊಡೆಯನ್ನು ಹಿಂಬದಿಯಿಂದ ಹಿಡಿದು ಎದೆಯತ್ತ ತನ್ನಿ. ಮೊಣಕಾಲ ಮೇಲೆ ಕೈ ಹಾಕಿ ಒತ್ತಬೇಡಿ. ನಂತರ ಎರಡೂ ಮೊಣಕಾಲುಗಳನ್ನು ಜೊತೆಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿಸಿ. ಪಾದ ಊರಿಕೊಂಡೇ ನಡವನ್ನು ನಾಲ್ಕು ಬೆರಳು ಎತ್ತಿ ಇಳಿಸಿ, ಸೇತುಬಂಧಾಸನದ ಸಣ್ಣ ರೂಪವಿದು. ಕೊನೆಗೆ ದುಪಟ್ಟಾವನ್ನು ಅಂಗಾಲಿಗೆ ಹಾಕಿ ಎರಡೂ ತುದಿ ಹಿಡಿದು ಕಾಲನ್ನು ಮೇಲೆತ್ತಿ. ಮೊಣಕಾಲು ಸ್ವಲ್ಪ ಮಡಚಿದ್ದರೂ ಚಿಂತೆಯಿಲ್ಲ. ತೊಡೆಯ ಹಿಂದೆ ಎಳೆತ ಗೊತ್ತಾದಲ್ಲಿ ನಿಲ್ಲಿಸಿ, ಇಪ್ಪತ್ತು ಮೂವತ್ತು ಸೆಕೆಂಡು. ಮೊದಲ ವಾರಗಳಲ್ಲಿ ಕಾಲು ಇನ್ನಷ್ಟು ಮೇಲೇರಿದರೆ ಸ್ನಾಯು ಉದ್ದವಾಯಿತೆಂದು ತಿಳಿಯಬೇಡಿ. ಆ ಎಳೆತಕ್ಕೆ ನರಗಳ ಅಂಜಿಕೆ ಕಡಿಮೆಯಾಗಿರುತ್ತದೆ. ಅಂಜಿಕೆ ಬಿಡಬೇಕಾದರೆ ಜಗ್ಗಬಾರದು.

ಮೂರನೆಯ ವಾರಕ್ಕೆ ಗೋಡೆ. ಎರಡೂ ಅಂಗೈ ಸೊಂಟದ ಎತ್ತರಕ್ಕೆ ಗೋಡೆಗೆ ಊರಿ, ಹಿಂದೆ ಹಿಂದೆ ಹೆಜ್ಜೆ ಇಡುತ್ತ ಬೆನ್ನನ್ನು ಚಪ್ಪಟೆ ಮಾಡುತ್ತ ಬನ್ನಿ. ನೋಡುವುದಕ್ಕೆ ರುಕೂವಿನ ಹಾಗೆಯೇ, ಆದರೆ ಭಾರವೆಲ್ಲ ಗೋಡೆಯ ಮೇಲೆ. ಮೊಣಕಾಲು ತುಸು ಸಡಿಲವಿರಲಿ. ದಿನವೆಲ್ಲ ಮೊರದ ಮೇಲೆ ಬಗ್ಗಿದ ಬೆನ್ನಿಗೆ ಇದಕ್ಕಿಂತ ಹಿತವಾದದ್ದನ್ನು ನಾನು ಕಾಣೆ. ಬೀಡಿ ಕಟ್ಟುವವರು ತಾಸಿಗೊಮ್ಮೆ ಎದ್ದು ಇದೊಂದನ್ನೇ ಮಾಡಿದರೂ ಸಾಕೆನ್ನುತ್ತೇನೆ. ಆಮೇಲೆ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಐದರಿಂದ ಹತ್ತು ಸಲ. ಕುರ್ಚಿ ತಗ್ಗಾದರೆ ದಿಂಬು ಹಾಕಿ ಎತ್ತರಿಸಿ.

ಇಷ್ಟಾದ ಮೇಲೆಯೇ ವಜ್ರಾಸನ, ನಮಾಝ್‌ನಲ್ಲಿ ಕೂರುವ ಭಂಗಿಗೆ ಹತ್ತಿರದ್ದು. ಮೊಣಕಾಲ ಕೆಳಗೆ ಕೌದಿ, ಹಿಮ್ಮಡಿ ಮತ್ತು ಪೃಷ್ಠದ ನಡುವೆ ಎರಡು ದಿಂಬು, ಪಾದದ ಕೀಲಿನ ಕೆಳಗೆ ಸುತ್ತಿದ ಟವೆಲ್ಲು. ಅರ್ಧ ನಿಮಿಷ ಕೂತು, ಮುಂದೆ ಕೈ ಊರಿ ಏಳಿ. ಮೊಣಕಾಲಿನ ಒಳಗೆ ಚುಚ್ಚಿದರೆ ಇನ್ನೊಂದು ದಿಂಬು ಸೇರಿಸಿ. ಆಗಲೂ ಚುಚ್ಚಿದರೆ ಈ ಭಂಗಿ ನಿಮಗಲ್ಲ, ಬಿಟ್ಟುಬಿಡಿ. ಪ್ರತಿದಿನದ ಕೊನೆಗೆ ಮೊಣಕಾಲ ಕೆಳಗೆ ದಿಂಬಿಟ್ಟು ಐದು ನಿಮಿಷ ಅಂಗಾತ ಮಲಗಿ. ಇದಕ್ಕೆ ಶವಾಸನ ಎಂದು ಹೆಸರು. ಒಬ್ಬ ಖಾಲಾ ಹೆಸರು ಕೇಳಿ ಎದ್ದು ಕೂತರು: "ಇನ್ನೂ ಟೈಮೈತಿ ಬಿಡ್ರಿ ಆಪಾ!" ಹೆಸರು ಏನಾದರೂ ಇಟ್ಟುಕೊಳ್ಳಿ, ಮಲಗುವುದನ್ನು ಮಾತ್ರ ತಪ್ಪಿಸಬೇಡಿ.

ನೋವಿನಲ್ಲಿ ಎರಡು ಬಗೆ. ಸ್ನಾಯುವಿನ ನಡುಭಾಗದಲ್ಲಿ ಎಳೆದಂತಾಗುವುದು ಸಹಜ. ಕೀಲಿನೊಳಗೆ ಚುಚ್ಚುವುದು, ಕಾಲಿನುದ್ದಕ್ಕೂ ಕರೆಂಟು ಹೊಡೆದಂತೆ ಇಳಿಯುವುದು ಸಹಜವಲ್ಲ, ಕೂಡಲೇ ನಿಲ್ಲಿಸಬೇಕು. ಇವತ್ತು ಮಾಡಿದ್ದಕ್ಕೆ ಮರುದಿನವೂ ನೋವು ಹೆಚ್ಚಾಗಿಯೇ ಇದ್ದರೆ ಅರ್ಧಕ್ಕಿಳಿಸಿ.

ಕೆಲವರು ಮೊದಲು ವೈದ್ಯರ ಬಳಿ ಹೋಗಲೇಬೇಕು. ಬೆಳಿಗ್ಗೆ ಎದ್ದಾಗ ಎರಡೂ ಕೈಬೆರಳುಗಳ ಕೀಲು ಬಾತು, ಬಿಗಿತ ಬಿಡಲು ಅರ್ಧ ತಾಸಿಗಿಂತ ಹೆಚ್ಚು ಹಿಡಿದರೆ ಅದು ಬೇರೆ ಬಗೆಯ ಸಂಧಿವಾತವಿರಬಹುದು. ರಕ್ತಪರೀಕ್ಷೆ ಬೇಕು, ತಡಮಾಡಿದರೆ ಕೀಲು ಹಾಳಾಗುತ್ತದೆ. ಕಾಲು ಜೋಮು ಹಿಡಿದು ಶಕ್ತಿ ಕುಂದಿದರೆ, ಮೂತ್ರದ ಮೇಲೆ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಹತೋಟಿಗೆ ಬಾರದ ಬಿಪಿ, ಕಣ್ಣಿನ ಗ್ಲಾಕೋಮಾ ಇದ್ದವರು ತಲೆ ಕೆಳಗಾಗುವ ಭಂಗಿ ಮಾಡಬಾರದು. ಮೂಳೆ ಸವೆದವರು ಮುಂದೆ ಬಗ್ಗುವುದು, ತಿರುಚುವುದು ಬೇಡ. ಗರ್ಭಿಣಿಯರು, ಕೀಲು ಬದಲಿಸಿಕೊಂಡವರು ಕೇಳಿಯೇ ಶುರು ಮಾಡಲಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗುಳಿಗೆ ತೆಗೆದುಕೊಳ್ಳುವವರು ಬರೀ ಹೊಟ್ಟೆಯಲ್ಲಿ ಮಾಡಿ ಸಕ್ಕರೆ ಇಳಿಸಿಕೊಳ್ಳಬೇಡಿ, ಪಕ್ಕದಲ್ಲಿ ಎರಡು ಖರ್ಜೂರ ಇರಲಿ.

ಸವೆದ ಮೊಣಕಾಲನ್ನು ಯೋಗ ಹೊಸದು ಮಾಡುವುದಿಲ್ಲ. ಹಾಗೆ ಹೇಳಿ ಹಣ ಕೇಳುವವರನ್ನು ನಂಬಬೇಡಿ. ಬಹುದಿನದ ನಡನೋವಿಗೆ ಮಾತ್ರ ಗುಳಿಗೆಗಿಂತ ಮೊದಲು ಪ್ರಯತ್ನಿಸಬಹುದಾದ ಉಪಾಯಗಳಲ್ಲಿ ಯೋಗವೂ ಒಂದೆಂದು ಅಮೆರಿಕದ ವೈದ್ಯರ ದೊಡ್ಡ ಸಂಸ್ಥೆ, ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್, 2017ರಲ್ಲಿ ಶಿಫಾರಸು ಮಾಡಿದೆ.

ರಮಝಾನ್‌ನಲ್ಲಿ ಬಿಡಬೇಕಿಲ್ಲ. ಇಫ್ತಾರ್‌ಗೆ ಅರ್ಧ ತಾಸು ಮುಂಚೆ ಮಲಗಿ ಮಾಡುವ ಭಾಗವಷ್ಟೇ ಮಾಡಿ, ಉಳಿದದ್ದು ಈದ್ ಆದ ಮೇಲೆ. ವಜ್ರಾಸನದ ದಿಂಬುಗಳನ್ನು ಎರಡು ಮೂರು ವಾರಕ್ಕೊಮ್ಮೆ ತುಸು ತೆಳುವಾಗಿಸುತ್ತ ಬನ್ನಿ: ಎರಡು ದಿಂಬು, ಒಂದು ದಿಂಬು, ನಾಲ್ಕು ಮಡಿಕೆಯ ಕೌದಿ, ಎರಡು ಮಡಿಕೆ. ಕೆಲವರಿಗೆ ನಾಲ್ಕು ತಿಂಗಳು ಹಿಡಿಯುತ್ತದೆ, ಕೆಲವರಿಗೆ ವರ್ಷ. ಒಂದು ಮಡಿಕೆಯಲ್ಲೇ ನಿಂತವರು ಅದನ್ನೇ ಜಾನಮಾಝಿನ ಮೇಲೆ ಇಟ್ಟುಕೊಂಡು ಕೂರಬಹುದು.