ಹೊಟೇಲಿನ ತಿಂಡಿಯೂ ನಮ್ಮ ತೀರ್ಪೂ

ದೇಶದ ಆಯವ್ಯಯದ ವಿಷಯದಲ್ಲಿ ಅಭಿಪ್ರಾಯವನ್ನು ಕೇಳಿದರೆ “ನಮಗೇಕೆ ಆ ಉಸಾಬರಿ?” ಎಂದು ಜಾರಿಕೊಳ್ಳುವ ಗೃಹಸ್ಥನು ಸಹ, ಹೊಟೇಲಿನ ದೋಸೆಯ ಮಾತು ಬಂದ ಕೂಡಲೆ ನ್ಯಾಯಾಸನವನ್ನೇರಿ ತೀರ್ಪು ಕೊಡಲು ಸಿದ್ಧನಾಗುವನು. ಮಲ್ಲೇಶ್ವರದವನಿಗೆ ಬಸವನಗುಡಿಯ ದೋಸೆ ದಪ್ಪ. ಬಸವನಗುಡಿಯವನಿಗೆ ಮಲ್ಲೇಶ್ವರದ ಚಟ್ನಿ ನೀರು. ಬೆಂಗಳೂರಿನ ಬೀದಿಯಲ್ಲಿ ‘ದಾವಣಗೆರೆ ಬೆಣ್ಣೆ ದೋಸೆ’ ಎಂಬ ಫಲಕವನ್ನು ಕಂಡ ದಾವಣಗೆರೆಯವನು ಒಳಕ್ಕೆ ಕಾಲಿಡುವ ಮೊದಲೇ ನಕ್ಕುಬಿಡುವನು. ಧಾರವಾಡದವನ ಕಣ್ಣಿನಲ್ಲಿ ಉಡುಪಿಯ ಸಾಂಬಾರಿಗೆ ಬಿದ್ದ ಬೆಲ್ಲವು ಅಕ್ಷಮ್ಯವಾದ ಅಪರಾಧ. ಉಡುಪಿಯವನಿಗೆ ಧಾರವಾಡದ ಕೆಂಪುಖಾರವೇ ಒಂದು ಶಿಕ್ಷೆ. ಏಕೀಕರಣವಾಗಿ ಇಷ್ಟು ದಶಕಗಳು ಕಳೆದರೂ ಕನ್ನಡಿಗರು ಒಂದು ಸಾಂಬಾರಿನ ಮೇಲೆ ಒಮ್ಮತಕ್ಕೆ ಬಂದಿಲ್ಲ. ಬರಬೇಕೆಂದು ನಾವು ಬಯಸುವವರೂ ಅಲ್ಲ.

ಇವೆಲ್ಲ ಹೊತ್ತು ಕಳೆಯುವ ಹರಟೆ, ಪತ್ರಿಕೆಯ ಈ ಪುಟದಲ್ಲಿ ಇದಕ್ಕೇನು ಸ್ಥಾನ ಎಂದು ಕೇಳುವ ಗಂಭೀರರಿರಬಹುದು. ಅವರೊಡನೆ ನಾವು ಒಪ್ಪಲಾರೆವು. ಅಕ್ಕಿಯ ಅಂಗಡಿಯವನಿಗೆ ತೂಕದ ಕಟ್ಟಳೆಯುಂಟು, ವೈದ್ಯನಿಗೆ ಪದವಿಯುಂಟು; ಹೊಟೇಲಿನವನನ್ನಾದರೋ ಎತ್ತುವುದೂ ಇಳಿಸುವುದೂ ಊರಿನವರ ಬಾಯಿಯೇ. ಒಬ್ಬನು ಉಂಡು ಹೋಗಿ ನಾಲ್ವರಿಗೆ ಹೇಳಿದ ಮಾತಿನ ಬಂಡವಾಳದ ಮೇಲೆಯೇ ಈ ವ್ಯಾಪಾರವೆಲ್ಲ ನಡೆದುಬಂದಿದೆ. ಇಷ್ಟು ಬಲವುಳ್ಳ ಮಾತನ್ನು ನಾವು ಯಾವುದಕ್ಕೆ ವಿನಿಯೋಗಿಸುತ್ತಿದ್ದೇವೆ ಎಂಬುದೇ ಪ್ರಶ್ನೆ. ದೋಸೆ ಗರಿಯಾಗಿತ್ತೇ, ಕಾಫಿಗೆ ಚಿಕೋರಿ ಹೆಚ್ಚಾಯಿತೇ ಎಂಬಲ್ಲಿಗೆ ನಮ್ಮ ವಿಚಾರಣೆ ಮುಗಿದುಹೋಗುತ್ತದೆ. ಆ ಲೋಟವನ್ನು ಯಾರು ತೊಳೆದರು, ಯಾವ ನೀರಿನಲ್ಲಿ ತೊಳೆದರು, ನಮಗೆ ಕೊಟ್ಟ ಲೋಟವನ್ನೇ ಎಲ್ಲರಿಗೂ ಕೊಡುವರೋ ಇಲ್ಲವೋ ಎಂಬುದು ನಮ್ಮ ತೀರ್ಪಿನೊಳಗೆ ಸೇರುವುದೇ ಇಲ್ಲ.

ಕೊನೆಯ ಮಾತನ್ನು ನಾವು ಬೇಕೆಂದೇ ಎತ್ತಿದ್ದೇವೆ. ಹೊರಗೆ ಉಣ್ಣುವುದೆಂದರೆ ನಮ್ಮ ಹಿರಿಯರಿಗೆ ರುಚಿಯ ಪ್ರಶ್ನೆಯಾಗಿರಲಿಲ್ಲ. ಯಾರು ಬೇಯಿಸಿದರು, ಪಂಕ್ತಿಯಲ್ಲಿ ಪಕ್ಕಕ್ಕೆ ಯಾರು ಕುಳಿತರು ಎಂಬ ಪ್ರಶ್ನೆಯಾಗಿದ್ದಿತು. ಆದುದರಿಂದಲೇ ಮೊದಮೊದಲು ಎದ್ದ ಉಪಾಹಾರಗೃಹಗಳು ಬಾಗಿಲಿನ ಮೇಲೆ ಜಾತಿಯ ಹೆಸರನ್ನು ಬರೆಯಿಸಿಕೊಂಡವು. ದಕ್ಷಿಣದಲ್ಲಿ ‘ಬ್ರಾಹ್ಮಣರ ಕಾಫಿ ಕ್ಲಬ್ಬು’, ಉತ್ತರದಲ್ಲಿ ‘ಲಿಂಗಾಯತ ಖಾನಾವಳಿ’. ಫಲಕಗಳು ಬೇರೆ, ಭರವಸೆ ಒಂದೇ. ಅಡುಗೆಯವನ ಕುಲವೇ ಅಡುಗೆಯ ಶುಚಿಗೆ ಸಾಕ್ಷಿಯೆಂದು ಜನ ನಂಬಿದ್ದರು. ಈ ಹೆಸರುಗಳಲ್ಲಿ ಕೆಲವು ಇಂದಿಗೂ ಉಳಿದಿವೆ. ಬಾಗಿಲೇನೋ ಎಲ್ಲರಿಗೂ ತೆರೆದಿದೆ. ಖಾನಾವಳಿಯ ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿಗಳನ್ನು ಉಣ್ಣಲು ಬಂದವನ ಕುಲವನ್ನು ಇಂದು ಯಾರೂ ಕೇಳುವುದಿಲ್ಲ, ಕೇಳಲೂಕೂಡದು. 1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನವು ತನ್ನ 15ನೆಯ ವಿಧಿಯಲ್ಲಿ ಅಂಗಡಿ, ಹೊಟೇಲು, ಸಾರ್ವಜನಿಕ ಉಪಾಹಾರಗೃಹಗಳನ್ನು ಹೆಸರಿಟ್ಟು ಹೇಳಿ, ಜಾತಿಯ ಕಾರಣದಿಂದ ಯಾರಿಗೂ ಅಲ್ಲಿ ಪ್ರವೇಶವನ್ನು ತಡೆಯಬಾರದೆಂದು ವಿಧಿಸಿತು. ಒಂದು ರಾಷ್ಟ್ರದ ಮೂಲ ಶಾಸನವು ಕಾಫಿಯಂಗಡಿಯ ಬಾಗಿಲಿನ ತನಕ ಇಳಿದುಬಂದಿತೆಂದರೆ, ಆ ಬಾಗಿಲಿನಲ್ಲಿ ನಡೆಯುತ್ತಿದ್ದ ಅವಮಾನವು ಎಷ್ಟಿದ್ದಿರಬೇಕೆಂಬುದನ್ನು ಓದುಗರು ಊಹಿಸಿಕೊಳ್ಳಬಹುದು. 1955ರಲ್ಲಿ ಅಸ್ಪೃಶ್ಯತೆಯ ಅಪರಾಧಗಳ ಕಾಯಿದೆ ಬಂದು ಈ ತಡೆ ದಂಡನೀಯವಾಯಿತು. ಇಷ್ಟಾದರೂ ಚಹದಂಗಡಿಗಳಲ್ಲಿ ಕೆಲವರಿಗೆ ಬೇರೆ ಲೋಟವನ್ನಿಡುವ ಹೇಯವಾದ ಪದ್ಧತಿಯ ವರದಿಗಳು ನಮ್ಮ ಹಳ್ಳಿಗಳಿಂದ ಈಚಿನ ವರ್ಷಗಳಲ್ಲಿಯೂ ಬರುತ್ತಿವೆ. ಅಂಥ ಅಂಗಡಿಯ ಬೆಂಚಿನ ಮೇಲೆ ಕುಳಿತು “ಚಹ ಭೇಷಾಗಿದೆ” ಎಂದು ಮೆಚ್ಚಿ ಎದ್ದುಬರುವವರು ನಮ್ಮವರೇ. ಚಹ ಭೇಷಾಗಿರಬಹುದು, ತೀರ್ಪು ಭೇಷಾಗಿಲ್ಲ.

ಗಿರಾಕಿಯ ಮಾತು ರುಚಿಯನ್ನು ದಾಟಿ ಮುಂದೆ ಹೋದರೆ ಏನಾಗಬಲ್ಲುದೆಂಬುದಕ್ಕೆ ಬೆಂಗಳೂರಿನಲ್ಲಿಯೇ ಒಂದು ನಿದರ್ಶನವುಂಟು. 1924ರಲ್ಲಿ ಕರಾವಳಿಯಿಂದ ಬಂದ ಮಯ್ಯ ಸೋದರರು ತೆರೆದ ಚಿಕ್ಕ ಅಂಗಡಿಯ ಹೆಸರೂ ಬ್ರಾಹ್ಮಣ ಕಾಫಿ ಕ್ಲಬ್ಬೆಂದೇ ಇದ್ದಿತು. 1951ರಲ್ಲಿ ಯಜ್ಞನಾರಾಯಣ ಮಯ್ಯರು ಯುರೋಪಿನಲ್ಲಿ ಸಂಚರಿಸಿ, ಅಲ್ಲಿಯ ಉಪಾಹಾರಗೃಹಗಳ ಶುಚಿತ್ವವನ್ನು ಕಂಡು ಬಂದು, ತಮ್ಮ ಅಡುಗೆಮನೆಯನ್ನು ಗಿರಾಕಿಗಳು ನೋಡಿಹೋಗಲೆಂದು ತೆರೆದಿಟ್ಟರು. 1960ರಲ್ಲಿ ಲಾಲ್‌ಬಾಗ್ ರಸ್ತೆಗೆ ಸ್ಥಳ ಬದಲಾದಾಗ ಹೆಸರೂ ಬದಲಾಗಿ ಮಾವಳ್ಳಿ ಟಿಫಿನ್ ರೂಮ್ಸ್ ಎಂದಾಯಿತು. ಫಲಕದ ಮೇಲಿನ ಜಾತಿ ಹೋಗಿ ಬಡಾವಣೆ ಬಂದಿತು. ಶುಚಿಗೆ ಅಡುಗೆಯವನ ಕುಲವನ್ನು ಸಾಕ್ಷಿಯಾಗಿ ಒಡ್ಡುತ್ತಿದ್ದ ಕಡೆ ಉರಿಯುವ ಒಲೆಯನ್ನೂ ತೊಳೆದ ಪಾತ್ರೆಯನ್ನೂ ಕಣ್ಣಾರೆ ತೋರಿಸುವಂತಾಯಿತು. ಆ ಮನೆಯ ರವೆ ಇಡ್ಲಿಯು ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಯ ಅಭಾವದಿಂದ ಹುಟ್ಟಿತೆಂದು ಅವರು ಹೇಳಿಕೊಂಡು ಬಂದಿದ್ದಾರೆ. ಅದರ ಕೀರ್ತಿ ಎಲ್ಲರಿಗೂ ಗೊತ್ತಿದೆ. ನಮ್ಮ ಮತದಲ್ಲಿ ಆ ತೆರೆದ ಅಡುಗೆಮನೆಯು ರವೆ ಇಡ್ಲಿಗಿಂತ ದೊಡ್ಡ ಸಂಶೋಧನೆ. ಆದರೇನು, ಇಡ್ಲಿಯನ್ನು ಅನುಕರಿಸಿದವರು ಸಾವಿರ, ಅಡುಗೆಮನೆಯನ್ನು ಅನುಕರಿಸಿದವರು ಬೆರಳೆಣಿಕೆಯಷ್ಟು.

ತಿಂಡಿಗಾಗಿ ಕಾಯುವುದರಲ್ಲಿ ಮಾತ್ರ ನಮ್ಮವರ ತಾಳ್ಮೆ ಅಸಾಧಾರಣವಾದುದು. 1943ರಲ್ಲಿ ಗಾಂಧಿಬಜಾರಿನಲ್ಲಿ ಆರಂಭವಾದ ವಿದ್ಯಾರ್ಥಿ ಭವನಕ್ಕೆ ಭಾನುವಾರದ ಬೆಳಗ್ಗೆ ಹೋಗಿ ನೋಡಬೇಕು. ಮತಗಟ್ಟೆಯ ಮುಂದಿನ ಸಾಲನ್ನು ಕಂಡು ಹಿಂದಿರುಗುವ ಮಹಾಶಯರು ಅಲ್ಲಿ ಮುಕ್ಕಾಲು ಗಂಟೆ ನಿಲ್ಲುವರು. ತೋಳಿನ ಉದ್ದಕ್ಕೂ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಬಂದ ಮಾಣಿ ಒಂದನ್ನೂ ಬೀಳಿಸದೆ ಬಡಿಸಿಹೋಗುವ ಕೈಚಳಕವನ್ನು ಕಂಡು ಬೆರಗಾಗುವರು. ಆ ಸಾಲಿನಲ್ಲಿ ಹಣವಂತನೂ ವಿದ್ಯಾರ್ಥಿಯೂ ಹಿಂದುಮುಂದಾಗಿ ನಿಂತಿರುವುದು ನಮಗೆ ದೋಸೆಗಿಂತ ರುಚಿಕರವಾದ ನೋಟ. 1983ರಲ್ಲಿ ಜಯನಗರದಲ್ಲಿ ‘ಕೆಫೆ ದರ್ಶಿನಿ’ ತೆರೆದ ಬಳಿಕ ಹಬ್ಬಿದ ದರ್ಶಿನಿಗಳು ಇದನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ದವು. ಅಲ್ಲಿ ಕುರ್ಚಿಯೇ ಇಲ್ಲದ ಮೇಲೆ ಮೇಲುಕುರ್ಚಿ ಕೆಳಕುರ್ಚಿಯ ಮಾತೆಲ್ಲಿ? ಆಟೋ ಓಡಿಸುವವನೂ ವಕೀಲನೂ ಒಂದೇ ಕಟ್ಟೆಯ ಮೇಲೆ ತಟ್ಟೆಯಿಟ್ಟು ನಿಂತು ಉಣ್ಣುವರು. ಅಡುಗೆಯೂ ಕಣ್ಣೆದುರಿಗೇ ನಡೆಯುವುದು. ಮುದುಕರೂ ಬಸುರಿಯರೂ ನಿಂತು ಉಣ್ಣುವ ಕಷ್ಟವನ್ನು ಮಾತ್ರ ಈ ಏರ್ಪಾಡು ಮರೆತಂತಿದೆ. ಗೋಡೆಯ ಪಕ್ಕಕ್ಕೆ ಎರಡು ಬೆಂಚುಗಳನ್ನು ಹಾಕಿದರೆ ಯಾವ ಹೊಟೇಲೂ ಮುಳುಗಿಹೋಗದು.

ಇನ್ನು ಆ ಮಾಣಿಯ ವಿಷಯ. ಮನೆಯ ಬಡತನದಿಂದ ಊರು ಬಿಟ್ಟ ಕರಾವಳಿಯ ಹುಡುಗರು ಮುಂಬಯಿಯ ಉಡುಪಿ ಹೊಟೇಲುಗಳಲ್ಲಿ ಹಗಲೆಲ್ಲ ಲೋಟ ತೊಳೆದು, ರಾತ್ರಿಯ ಕನ್ನಡ ಶಾಲೆಗಳಲ್ಲಿ ಅಕ್ಷರ ಕಲಿತು ಮುಂದೆ ಬಂದ ಕಥೆಯನ್ನು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಮದರಾಸಿನಲ್ಲಿ ವುಡ್‌ಲ್ಯಾಂಡ್ಸನ್ನು ಕಟ್ಟಿದ ಕೆ. ಕೃಷ್ಣರಾಯರು ಸಹ ಅಡುಗೆಮನೆಯ ಕೆಳಗಿನ ಕೆಲಸದಿಂದ ಮೇಲೇರಿದವರೇ. ಅಭಿಮಾನ ತಕ್ಕುದೇ, ಆದರೆ ಹಾಗೆ ಮುಂದೆ ಬಂದ ಒಬ್ಬೊಬ್ಬರ ಹಿಂದೆ ಮುಂದೆ ಬಾರದೆ ಎಂಜಲು ತಟ್ಟೆಗಳ ನಡುವೆಯೇ ಬಾಲ್ಯವನ್ನು ಕಳೆದವರು ಎಷ್ಟು ಮಂದಿಯೋ! ಹದಿನಾಲ್ಕು ವರ್ಷ ತುಂಬದ ಮಕ್ಕಳನ್ನು ಹೊಟೇಲುಗಳಲ್ಲಿ ದುಡಿಸುವುದನ್ನು ಸರ್ಕಾರವು 2006ರ ಅಕ್ಟೋಬರಿನಲ್ಲಿ ನಿಷೇಧಿಸಿತು. 2016ರ ತಿದ್ದುಪಡಿಯಿಂದ ಆ ಕಟ್ಟಳೆ ಇನ್ನಷ್ಟು ಬಿಗಿಯಾಯಿತು. ಮೇಜು ಒರೆಸಲು ಬಂದ ಹುಡುಗನ ಗಲ್ಲದ ಮೇಲೆ ಮೀಸೆಯ ನೆರಳೂ ಮೂಡಿಲ್ಲವೆಂಬುದು ಕಾಫಿಯ ನೊರೆಯನ್ನು ಪರೀಕ್ಷಿಸುವ ಕಣ್ಣಿಗೆ ಕಾಣದೆ ಹೋಗುವುದೆಂತು? ಕಂಡರೂ ಕೇಳುವುದಿಲ್ಲ, ಅಷ್ಟೆ. ಕೇಳಿದರೆ ಮಾಲೀಕನು “ನಮ್ಮ ಸಂಬಂಧಿಕರ ಹುಡುಗ ಸ್ವಾಮಿ, ರಜಕ್ಕೆ ಬಂದಿದ್ದಾನೆ” ಎನ್ನುವನು. ಹತ್ತು ಮಂದಿ ಕೇಳಿದ ದಿನ ಆ ಉತ್ತರ ನಡೆಯದು.

ನಮ್ಮ ಅಭಿಪ್ರಾಯವು ಕೆಟ್ಟ ದಾರಿಯನ್ನೂ ತೋರಿಸಬಲ್ಲುದು. 2024ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರವು ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಬೇಕಾಯಿತು; ಪರೀಕ್ಷೆಗೆ ತಂದ 171 ಮಾದರಿಗಳಲ್ಲಿ 107 ಕೃತಕ ಬಣ್ಣದಿಂದ ಅಸುರಕ್ಷಿತವೆಂದು ಕಂಡುಬಂದಿದ್ದವು. ಗಾಡಿಯವನನ್ನು ಬೈಯುವುದು ಸುಲಭ. ಆದರೆ ಹೂಕೋಸು ಕುಂಕುಮದಂತೆ ಕೆಂಪಗಿದ್ದರೆ ಮಾತ್ರ ರುಚಿಯೆಂದು ಅವನಿಗೆ ಕಲಿಸಿದವರಾರು? ಬಣ್ಣ ಹಾಕದವನ ಗಾಡಿಯನ್ನು ಬಿಟ್ಟು ಹಾಕಿದವನ ಗಾಡಿಗೆ ಮುತ್ತಿದವರಾರು? ಮರುವರ್ಷ, 2025ರ ಫೆಬ್ರವರಿಯಲ್ಲಿ, ಇಡ್ಲಿಯ ಸರದಿ ಬಂದಿತು. ಆರೋಗ್ಯ ಇಲಾಖೆಯವರು ಪರೀಕ್ಷಿಸಿದ 251 ಕಡೆಗಳಲ್ಲಿ 52 ಕಡೆ ಇಡ್ಲಿ ಬೇಯಿಸಲು ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆಯನ್ನು ಬಳಸುತ್ತಿದ್ದರು. ಬಟ್ಟೆಯನ್ನು ದಿನವೂ ಒಗೆಯಬೇಕು, ಒಣಗಿಸಬೇಕು; ಹಾಳೆಯನ್ನು ಎಸೆದರಾಯಿತು. ಆ ಹಾಳೆಯ ಮೇಲೆ ಬೆಂದ ಇಡ್ಲಿಯನ್ನೂ ಮಲ್ಲಿಗೆಯ ಹೂವಿನಂತಿದೆಯೆಂದು ಹೊಗಳಿಯೇ ನಾವು ತಿಂದಿರಬೇಕು. ರೋಗಿಗೂ ಮಗುವಿಗೂ ನಂಬಿ ಕೊಡುವ ಒಂದೇ ತಿಂಡಿಯಲ್ಲಿ ಈ ಮೋಸ ಹೊಕ್ಕಿತೆಂಬುದು ನಮಗೆ ತೀರ ನೋವಿನ ಸಂಗತಿ.

ಇನ್ನೊಂದು ವಿಚಿತ್ರವನ್ನು ಹೇಳದಿರಲಾರೆವು. ದರ್ಶಿನಿಯಲ್ಲಿ ಕಾಫಿಗೆ ಎರಡು ರೂಪಾಯಿ ಏರಿದರೆ ಗಲ್ಲಾಪೆಟ್ಟಿಗೆಯ ಮುಂದೆ ವಾಗ್ಯುದ್ಧವೇ ನಡೆಯುವುದು. ಒಂದು ಕಾಫಿಯನ್ನು ಬೈಟೂ ಮಾಡಿಸಿ, ಎರಡು ಲೋಟಗಳಲ್ಲಿಯೂ ಸಮನಾಗಿ ಬಿದ್ದಿತೇ ಎಂದು ಬಗ್ಗಿ ನೋಡುವವನೇ ಸಂಜೆ ತಂಪುಗಾಳಿಯ ದೊಡ್ಡ ಹೊಟೇಲಿಗೆ ಹೋಗಿ, ಬಿಲ್ಲಿನ ಕೆಳಗೆ ಸೇರಿಸಿದ ಸೇವಾಶುಲ್ಕವನ್ನು ಕಂಡೂ ಕಾಣದವನಂತೆ ತೆತ್ತು, ಬಾಗಿಲಿನವನ ಸಲಾಮನ್ನು ಸ್ವೀಕರಿಸಿ ಹೊರಬರುವನು. ಆ ಶುಲ್ಕವನ್ನು ಬಿಲ್ಲಿಗೆ ತಾನಾಗಿ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈಯಲ್ಲಿಯೇ ಹೇಳಿತು. 2025ರ ಮಾರ್ಚಿನಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಎರಡು ರೂಪಾಯಿಗೆ ಕಾದಾಡಿದ ವೀರನಿಗೆ ಇನ್ನೂರು ರೂಪಾಯಿಯ ಮುಂದೆ ನಾಲಗೆ ಏಳದಿರುವುದು ದುಡ್ಡಿನ ಹೇರಳದಿಂದಲ್ಲ, ಗಾಜಿನ ಬಾಗಿಲಿನ ಭಯದಿಂದ.

ಗಲ್ಲಾದ ಮೇಲೆ ಕುಳಿತವನಿಗೆ ಹೇಳಬೇಕಾದುದನ್ನು ನಾವು ಮನೆಯ ಜಗಲಿಯ ಮೇಲೆ ಕುಳಿತು ನೆರೆಯವನಿಗೆ ಹೇಳುತ್ತೇವೆ. ಅದರಿಂದ ಆ ಹೊಟೇಲಿಗೆ ಗಿರಾಕಿ ತಪ್ಪಬಹುದು, ತಿದ್ದಿಕೊಳ್ಳುವ ಅವಕಾಶ ದೊರೆಯದು. ಎದುರಿಗೆ ನಿಂತು ಹೇಳಿದ ಮಾತನ್ನು ಹೆಚ್ಚಿನ ಮಾಲೀಕರು ಕೇಳಿಕೊಳ್ಳುವರು. ಅವರಲ್ಲಿ ಅನೇಕರು ಸ್ವತಃ ಬಡಿಸಿ ಬೆಳೆದವರು. ಕೇಳದವರಿಗೆ ಬೇರೆ ಮಾರ್ಗವುಂಟು. ಹೊಟೇಲಿನವರು ಕೊಡುವ ಬಿಲ್ಲಿನ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿಯ 14 ಅಂಕಿಗಳ ಸಂಖ್ಯೆಯನ್ನು ಮುದ್ರಿಸುವುದು 2022ರಿಂದ ಕಡ್ಡಾಯವಾಗಿದೆ. ದೂರು ಕೊಡುವವನಿಗೆ ಆ ಸಂಖ್ಯೆಯೊಂದು ಸಾಕು. ಅದು ಬಿಲ್ಲಿನ ಒಂದು ಮೂಲೆಯಲ್ಲಿ, ಮುದುಕರಿಗೆ ಕನ್ನಡಕವಿಲ್ಲದೆ ಕಾಣದಷ್ಟು ಸಣ್ಣ ಅಕ್ಷರದಲ್ಲಿರುತ್ತದೆ. ಕೈ ಒರೆಸಿ ಬಿಲ್ಲನ್ನು ಮುದುರಿ ಎಸೆಯುವ ಮೊದಲು ಓದಿಕೊಳ್ಳಬಹುದು.